ಹಾರಾಟದ ಅಂಜಿಕೆ

ಮನುಷ್ಯನ ಅಂಜಿಕೆಗಳಲ್ಲಿ ಬಹಳಷ್ಟು ಅವನಷ್ಟೇ ಹಳೆಯವು. ಕತ್ತಲೆ, ಹಾವು, ಸಿಡಿಲು, ಹೊಳೆಯ ಮಡು ಇವಕ್ಕೆ ನಮ್ಮ ಹಿರಿಯರು ಅಂಜುತ್ತಿದ್ದರು, ನಾವೂ ಅಂಜುತ್ತೇವೆ. ವಿಮಾನದ ಅಂಜಿಕೆಯಾದರೋ ಇನ್ನೂ ಎಳೆಯದು. ರೈಟ್ ಸಹೋದರರು ಅಮೇರಿಕೆಯಲ್ಲಿ ತಮ್ಮ ಯಂತ್ರವನ್ನು ಮೊದಲ ಸಲ ಹಾರಿಸಿದ್ದು 1903ರ ಡಿಸೆಂಬರ 17ರಂದು. ಅಂದಿನ ಅತ್ಯಂತ ದೀರ್ಘವಾದ ಹಾರಾಟವೂ ಒಂದು ನಿಮಿಷವನ್ನು ಮುಟ್ಟಲಿಲ್ಲ. ಇಷ್ಟು ಈಚಿನ ವಿದ್ಯೆಯೊಂದು ಅಸಂಖ್ಯ ಜನರ ಎದೆಯಲ್ಲಿ ಅಷ್ಟು ಆಳವಾದ ಅಂಜಿಕೆಯನ್ನು ನೆಟ್ಟದ್ದು ಹೇಗೆ? ಆ ಅಂಜಿಕೆಯೊಡನೆ ಮನುಷ್ಯನು ಹೇಗೆ ನಡೆದುಕೊಳ್ಳತಕ್ಕದ್ದು? ಇದನ್ನು ವಾಚಕರೊಡನೆ ಕೂಡಿ ವಿಚಾರ ಮಾಡಬೇಕೆಂಬುದು ನಮ್ಮ ಇಚ್ಛೆ.

ಉಮರ್ಗಾ, ನಿಲಂಗಾ, ಉದಗೀರಗಳ ಶಾಲಾಮಾಸ್ತರರಿಗೂ ವಿದ್ಯಾರ್ಥಿಗಳಿಗೂ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಎಸ್.ಟಿ. ಬಸ್ಸು ವೇಳೆಗೆ ಬಂದರೆ ಸಾಕೆನ್ನುವ ಊರುಗಳು ನಮ್ಮವು. ಆದರೆ ಕಾಲ ಸರಿದಿದೆ. ನಿಲಂಗಾ, ಉದಗೀರ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಯಾವ ಬೀದರ ಜಿಲ್ಲೆಗೆ ಸೇರಿದ್ದವೋ ಆ ಬೀದರಿನಲ್ಲಿ 2020ರ ಫೆಬ್ರುವರಿ 7ರಂದು ನಾಗರಿಕ ವಿಮಾನ ನಿಲ್ದಾಣ ತೆರೆಯಿತು. ಅದಕ್ಕೂ ಮೊದಲು, 2019ರ ನವೆಂಬರ 22ರಂದು, ಕಲಬುರ್ಗಿಯ ನಿಲ್ದಾಣ ತೆರೆದಿತ್ತು. ಅಲ್ಲಿಯ ವಿಮಾನಗಳು ನಡುನಡುವೆ ನಿಂತದ್ದುಂಟು, ಆ ಮಾತು ಬೇರೆ. ಬೀದರಿನ ವಾಯುಪಡೆಯ ತರಬೇತಿ ವಿಮಾನಗಳಂತೂ ಮೊದಲಿನಿಂದ ಆ ಭಾಗದ ಮಕ್ಕಳಿಗೆ ಆಕಾಶದ ನೆರೆಹೊರೆಯವರು. ನಮ್ಮ ಹುಡುಗರು ಬೆಂಗಳೂರಿಗೆ, ಪುಣೆಗೆ, ಕೊಲ್ಲಿಯ ದೇಶಗಳಿಗೆ ಹೋಗುತ್ತಾರೆ. ಅವರ ಹಿಂದೆ ತಾಯಿತಂದೆಗಳಿಗೂ ಟಿಕೀಟು ಬರುತ್ತದೆ. ಟಿಕೀಟಿನೊಡನೆ ಅಂಜಿಕೆಯೂ ಮನೆಯೊಳಗೆ ಬರುತ್ತದೆ.

ಮೊದಲು ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ನಿವೃತ್ತರಾದ ಒಬ್ಬ ಉಪಾಧ್ಯಾಯರಿದ್ದಾರೆ. ಮಗಳು ದುಬೈಯಲ್ಲಿ ಚೊಚ್ಚಲ ಬಾಣಂತಿ. ತಾಯಿಗೆ ಹೋಗಬೇಕೆಂಬ ತವಕ, ಮಾಸ್ತರರು ಒಲ್ಲೆನ್ನುತ್ತಾರೆ. ಮಂಡಿನೋವು ಎನ್ನುತ್ತಾರೆ, ಹೊಲದ ರಾಶಿ ಎನ್ನುತ್ತಾರೆ, ಅಷ್ಟು ದುಡ್ಡು ಸುರಿಯುವದು ಯಾಕೆ ಎನ್ನುತ್ತಾರೆ. ‘ನನಗೆ ವಿಮಾನವೆಂದರೆ ಅಂಜಿಕೆ’ ಎಂಬ ನಾಲ್ಕು ಶಬ್ದಗಳನ್ನು ಮಾತ್ರ ಆಡುವದಿಲ್ಲ. ಮಗಳು ಅವರನ್ನು ಕಠಿಣ ಹೃದಯದವರೆಂದು ತಿಳಿಯುತ್ತಾಳೆ, ಹೆಂಡತಿ ಮೌನವಾಗುತ್ತಾಳೆ. ನಲವತ್ತು ವರ್ಷ ಮಕ್ಕಳಿಗೆ ಧೈರ್ಯದ ಪಾಠ ಹೇಳಿದವರು ಇವರು. ಇವರನ್ನು ಹೇಡಿಯೆನ್ನೋಣವೇ?

ಇಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಅಂಜುವದು ದೋಷವೇ ಎಂಬುದು ಒಂದು. ಅಂಜಿಕೆ ಹೇಳಿದಂತೆ ಕೇಳುವದು ದೋಷವೇ ಎಂಬುದು ಇನ್ನೊಂದು. ನಮ್ಮ ಶಾಲೆಗಳ ನಿಬಂಧಗಳಲ್ಲಿ ಬರುವ ಧೀರನು ಅಂಜಿಕೆಯನ್ನೇ ಕಾಣದವನು. ಆದುದರಿಂದ ಅವನಿಂದ ಕಲಿಯತಕ್ಕದ್ದೂ ಹೆಚ್ಚಿಲ್ಲ. ಗ್ರೀಕ ತತ್ತ್ವಜ್ಞ ಅರಿಸ್ಟಾಟಲನು ಧೈರ್ಯವನ್ನು ಹೇಡಿತನಕ್ಕೂ ಹುಂಬತನಕ್ಕೂ ನಡುವೆ ಇರಿಸಿದನು. ಯಾವದಕ್ಕೆ, ಯಾವಾಗ, ಎಷ್ಟು ಅಂಜಬೇಕೋ ಅದಕ್ಕೆ, ಆಗ, ಅಷ್ಟು ಅಂಜುವವನೇ ಅವನ ಎಣಿಕೆಯಲ್ಲಿ ಧೀರ. ಏನಕ್ಕೂ ಅಂಜದವನಲ್ಲಿ ಏನೋ ಕೊರತೆಯಿದೆ ಎಂದೇ ಅವನ ಅಭಿಪ್ರಾಯ.

ವಿಮಾನದ ಅಂಜಿಕೆಗೆ ಬುದ್ಧಿಯ ಕೊರತೆ ಕಾರಣವೆಂದು ಹೇಳುವವರಿಗೆ ಐಸಾಕ್ ಅಸಿಮೋವರ ಉದಾಹರಣೆ ಸಾಕು. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಮನುಷ್ಯರ ಕತೆಗಳನ್ನು ರಾಶಿರಾಶಿಯಾಗಿ ಬರೆದ ಈ ವಿಜ್ಞಾನಿಯು ಸೈನ್ಯದಲ್ಲಿದ್ದಾಗ ಹಾರಿದ್ದನ್ನು ಬಿಟ್ಟರೆ ವಿಮಾನವನ್ನು ಏರಲೇ ಇಲ್ಲ. ತಿಳಿವಳಿಕೆ ಒಂದು ಕೋಣೆಯಲ್ಲಿ, ಅಂಜಿಕೆ ಇನ್ನೊಂದರಲ್ಲಿ. ನಡುವಿನ ಬಾಗಿಲು ಎಲ್ಲರ ಮನೆಯಲ್ಲಿಯೂ ಸರಿಯಾಗಿ ತೆರೆಯುವದಿಲ್ಲ.

ಹಾಗಾದರೆ ಅಂಜುವವನು ಅಂಜುವದು ಏನಕ್ಕೆ? ಸಾವಿಗೆ ಎಂದು ಥಟ್ಟನೆ ಹೇಳಬಹುದು. ಆದರೆ ಅದೇ ಮನುಷ್ಯನು ಉಮರ್ಗಾದ ಹೆದ್ದಾರಿಯಲ್ಲಿ ಕಬ್ಬಿನ ಲಾರಿಗಳ ನಡುವೆ ಮೋಟಾರು ಸೈಕಲ್ಲಿನ ಮೇಲೆ ಹಾಡುತ್ತ ಹೋಗುತ್ತಾನೆ. ನಮ್ಮ ದೇಶದಲ್ಲಿ 2022ನೆಯ ಒಂದೇ ವರ್ಷದಲ್ಲಿ ರಸ್ತೆಯ ಅಪಘಾತಗಳಿಂದ ಸತ್ತವರು 1,68,491 ಜನ. ಎಂದರೆ ದಿನಕ್ಕೆ 460ಕ್ಕೂ ಹೆಚ್ಚು. ಅತ್ತ ಜಗತ್ತಿನ ಪ್ರಯಾಣಿಕ ವಿಮಾನಗಳನ್ನು ಕುರಿತು ಅಮೇರಿಕೆಯ ವಿದ್ವಾಂಸ ಆರ್ನಾಲ್ಡ್ ಬಾರ್ನೆಟ್ ಮತ್ತು ಅವರ ಸಹಕಾರಿ ಲೆಕ್ಕ ಹಾಕಿದ್ದಾರೆ. 1968ರಿಂದ 1977ರ ವರೆಗೆ ಮೂರೂವರೆ ಲಕ್ಷ ಸಲ ಜನ ವಿಮಾನ ಏರಿದರೆ ಒಬ್ಬರಿಗೆ ಸಾವು ಎಂಬಂತಿತ್ತು. 2018ರಿಂದ 2022ರ ಅವಧಿಯಲ್ಲಿ ಒಂದು ಕೋಟಿ ಮೂವತ್ತೇಳು ಲಕ್ಷ ಸಲಕ್ಕೆ ಒಬ್ಬರು. ಸಾವಿನ ಅಂಜಿಕೆಯೇ ಆಗಿದ್ದರೆ ನಾವು ಮೋಟಾರು ಸೈಕಲ್ಲಿನ ಮುಂದೆ ನಡುಗಬೇಕಾಗಿತ್ತು.

ನಮ್ಮ ಅಭಿಪ್ರಾಯದಲ್ಲಿ, ವಿಮಾನದಲ್ಲಿ ಮನುಷ್ಯನು ಅಂಜುವದು ತನ್ನನ್ನು ಒಪ್ಪಿಸಿಬಿಡುವದಕ್ಕೆ. ಬಂಡಿಯಾದರೆ ಇಳಿಯಬಹುದು, ಬಸ್ಸಾದರೆ ಕಂಡಕ್ಟರನನ್ನು ಕೂಗಬಹುದು, ಮೋಟಾರು ಸೈಕಲ್ಲಿನ ಹಿಡಿಕೆ ನಮ್ಮದೇ ಕೈಯಲ್ಲಿದೆ. ವಿಮಾನದ ಬಾಗಿಲು ಮುಚ್ಚಿದ ಮೇಲೆ ಕಾಲಕೆಳಗಿನ ನೆಲವಿಲ್ಲ, ಕೈಯಲ್ಲಿ ಹಿಡಿಕೆಯಿಲ್ಲ, ನಡೆಸುವವನ ಮುಖವೂ ಕಾಣುವದಿಲ್ಲ. ನಮ್ಮ ಜೀವ ಪೂರ್ಣವಾಗಿ ಇನ್ನೊಬ್ಬರ ವಶ. ಇದು ಅವಮಾನದಂತೆಯೂ ತೋರುತ್ತದೆ. ವಯಸ್ಸಾದ, ಮನೆಯನ್ನು ನಡೆಸಿದ, ನಾಲ್ಕು ಜನ ಮಾತು ಕೇಳುವ ಗೃಹಸ್ಥರಲ್ಲಿ ಈ ಅಂಜಿಕೆ ಬಲವಾಗಿರುವದಕ್ಕೆ ಇದೂ ಒಂದು ಕಾರಣವಿರಬೇಕು.

ನೆಲವಿದ್ದರೆ ನಿಶ್ಚಿಂತೆ ಎಂಬ ಈ ಭಾವನೆಯನ್ನು ನಮ್ಮ ತಾಲೂಕುಗಳ ಜನರು ಪರೀಕ್ಷಿಸಿದಷ್ಟು ಯಾರೂ ಪರೀಕ್ಷಿಸಿರಲಾರರು. 1993ರ ಸೆಪ್ಟೆಂಬರ 30ರ ನಸುಕಿನಲ್ಲಿ, ಗಣಪತಿಯನ್ನು ಕಳುಹಿಸಿ ಜನ ಮಲಗಿದ್ದಾಗ, ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಂತೆ ಕಿಲ್ಲಾರಿಯ ಸುತ್ತಲಿನ ನೆಲ ನಡುಗಿತು. ಲಾತೂರ ಜಿಲ್ಲೆಯ ಔಸಾ, ನಿಲಂಗಾ, ಉಸ್ಮಾನಾಬಾದ ಜಿಲ್ಲೆಯ ಉಮರ್ಗಾ ತಾಲೂಕುಗಳಲ್ಲಿ ಸುಮಾರು ಎಂಟು ಸಾವಿರ ಜನ ಸತ್ತರು. ಕಿಲ್ಲಾರಿ, ಸಾಸ್ತೂರಗಳಂಥ ದೊಡ್ಡ ಊರುಗಳು ಕಲ್ಲಿನ ಕುಪ್ಪೆಗಳಾದವು. ಇಲ್ಲಿ ನೆನೆಯತಕ್ಕ ಸಂಗತಿಯೆಂದರೆ, ಅಂದು ದೇಶದ ಭೂಕಂಪ ನಕ್ಷೆಯಲ್ಲಿ ಈ ಪ್ರದೇಶವು ಒಂದನೆಯ ವಲಯದಲ್ಲಿತ್ತು. ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯವದು.

ಆಮೇಲೆ ನಡೆದದ್ದನ್ನು ಹಿರಿಯ ವಾಚಕರು ಬಲ್ಲರು. ಮನೆ ಬೀಳದೆ ಉಳಿದವರೂ ಮನೆಯೊಳಗೆ ಮಲಗಲಿಲ್ಲ. ತಿಂಗಳುಗಟ್ಟಲೆ ಅಂಗಳದಲ್ಲಿ, ಹೊಲದಲ್ಲಿ, ತಗಡಿನ ಶೆಡ್ಡುಗಳಲ್ಲಿ ರಾತ್ರಿ ಕಳೆದರು. ತಲೆಯ ಮೇಲೆ ಕಲ್ಲುಮಣ್ಣಿನ ಮಾಳಿಗೆಯಿರುವದೇ ಅವರಿಗೆ ಅಸಹ್ಯವಾಯಿತು. ದೂರದಿಂದ ಬಂದವರಲ್ಲಿ ಯಾರಾದರೂ ‘ಹೀಗೇಕೆ ಅಂಜುತ್ತೀರಿ, ಇಂಥ ಭೂಕಂಪ ಪದೇಪದೇ ಆಗುವದಿಲ್ಲ’ ಎಂದಿದ್ದರೆ ಲೆಕ್ಕದ ಮಟ್ಟಿಗೆ ಅವರ ಮಾತು ಸರಿಯೇ. ಆದರೆ ಒಂದು ಲೆಕ್ಕವನ್ನು ನಂಬಿಯೇ ಜನ ಆ ರಾತ್ರಿ ಮಲಗಿದ್ದರಲ್ಲವೇ? ಮಕ್ಕಳನ್ನು ಕಲ್ಲಿನೊಳಗಿಂದ ಎತ್ತಿದವರಿಗೆ ಲೆಕ್ಕ ಹೇಳಬಾರದು; ಹೇಳಿದರೂ ಅದು ಅವರ ಕಿವಿಯನ್ನು ದಾಟುವದಿಲ್ಲ.

ಈ ಆಕ್ಷೇಪವನ್ನು ವಿಮಾನಕ್ಕೂ ಒಡ್ಡಬಹುದು. ‘ಕೋಟಿಗೊಂದು ಎನ್ನುತ್ತೀರಿ, ಅಹಮದಾಬಾದಿನಲ್ಲಿ ಏನಾಯಿತು?’ ಎಂದು ಕೇಳಬಹುದು. 2025ರ ಜೂನ 12ರಂದು ಅಲ್ಲಿಂದ ಲಂಡನ್ನಿಗೆ ಹೊರಟ ವಿಮಾನ ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಬಿದ್ದು, ಒಳಗಿದ್ದ 242 ಜನರಲ್ಲಿ 241 ಜನ ಸತ್ತರು. ನೆಲದ ಮೇಲಿದ್ದವರೂ ಸತ್ತರು. ಈ ಮಾತಿಗೆ ಉತ್ತರವನ್ನು ಸಂಖ್ಯೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಸಂಖ್ಯೆಯು ನಾಳೆ ಏನಾಗದು ಎಂದು ಮಾತು ಕೊಡುವದಿಲ್ಲ. ಯಾವದನ್ನು ನಂಬಬಹುದು ಎಂಬುದಕ್ಕೆ ಬೇರೊಂದು ಗುರುತು ಬೇಕು.

ಆ ಗುರುತನ್ನು ನಾವು ಹೀಗೆ ಕಾಣುತ್ತೇವೆ. ತನ್ನ ತಪ್ಪುಗಳನ್ನು ಬರೆದಿಟ್ಟು, ಎಲ್ಲರೆದುರಿಗೆ ಬಿಚ್ಚಿ ನೋಡುವ ಕೆಲಸವು ನಂಬಿಕೆಗೆ ಅರ್ಹ. ಡೇವಿಡ್ ವಾರನ್ ಎಂಬ ಆಸ್ಟ್ರೇಲಿಯದ ವಿಜ್ಞಾನಿಯ ತಂದೆ 1934ರಲ್ಲಿ ಒಂದು ವಿಮಾನ ಸಮುದ್ರದ ಮೇಲೆ ಕಾಣೆಯಾದಾಗ ಸತ್ತರು. ಆಗ ಮಗನು ಎಳೆಯ ಬಾಲಕ. ಅವನು ಬೆಳೆದು, 1950ರ ದಶಕದಲ್ಲಿ ಕಾಮೆಟ್ ವಿಮಾನಗಳು ಕಾರಣ ತಿಳಿಯದೆ ಒಡೆದು ಬೀಳುತ್ತಿದ್ದಾಗ, ವೈಮಾನಿಕರ ಮಾತನ್ನೂ ಯಂತ್ರದ ಅಂಕಿಗಳನ್ನೂ ದಾಖಲಿಸುವ ಪೆಟ್ಟಿಗೆಯನ್ನು ಯೋಚಿಸಿ ನಿರ್ಮಿಸಿದನು. ಅದನ್ನೇ ಇಂದು ‘ಕಪ್ಪು ಪೆಟ್ಟಿಗೆ’ ಎನ್ನುತ್ತಾರೆ. (ಅದರ ಬಣ್ಣ ಕಿತ್ತಳೆಯದು, ಅವಶೇಷಗಳಲ್ಲಿ ಬೇಗ ಕಾಣಲೆಂದು.) ಸತ್ತವರು ಮುಂದೆ ಹಾರುವವರಿಗೆ ತಮ್ಮ ಕೊನೆಯ ಸಮಾಚಾರವನ್ನು ಹೇಳಿಹೋಗುವ ಏರ್ಪಾಡು ಇದು. 1968ರಿಂದ ಇಂದಿನವರೆಗೆ ಅಪಾಯ ಇಷ್ಟು ಕುಗ್ಗಿದ್ದಕ್ಕೆ ಇಂಥ ವಿಚಾರಣೆಗಳೇ ಮುಖ್ಯ ಕಾರಣಗಳಲ್ಲೊಂದು. ಕಿಲ್ಲಾರಿಯ ಅನಂತರವೂ ಹೀಗೆಯೇ ಆಯಿತು. ಕೊಂದದ್ದು ನೆಲಕ್ಕಿಂತ ಹೆಚ್ಚಾಗಿ ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ, ಅದರ ಮೇಲೆ ಹೇರಿದ ಮಣ್ಣಿನ ಮಾಳಿಗೆ ಎಂಬುದು ತಿಳಿದುಬಂತು. 52 ಹಳ್ಳಿಗಳನ್ನು ಪೂರ್ಣವಾಗಿ ಬೇರೆಡೆಗೆ ಕಟ್ಟಿದರು. ಲಕ್ಷಕ್ಕೂ ಮಿಕ್ಕಿದ ಮನೆಗಳನ್ನು ದುರಸ್ತಿ ಮಾಡಿ ಬಲಪಡಿಸಿದರು. 2002ರಲ್ಲಿ ನಕ್ಷೆಯೂ ಬದಲಾಯಿತು, ಒಂದನೆಯ ವಲಯವೆಂಬುದೇ ಇಲ್ಲದಾಯಿತು.

ಇನ್ನು ಮಂಗಳೂರಿನ ಪ್ರಸಂಗ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನವು ಬಜ್ಪೆಯ ಗುಡ್ಡದ ಮೇಲಿನ ಓಡುದಾರಿಯನ್ನು ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಎಂಟು ಜನ ಬದುಕಿದರು. ವಿಚಾರಣೆಯಿಂದ ತಿಳಿದದ್ದು ಇಷ್ಟು: ಮುಖ್ಯ ವೈಮಾನಿಕರು ಹಾರಾಟದ ಬಹುಭಾಗ ನಿದ್ರಿಸಿದ್ದರು, ವಿಮಾನ ಇಳಿಯಬೇಕಾದುದಕ್ಕಿಂತ ಬಹಳ ಮೇಲಿತ್ತು, ಇಳಿಯುವದನ್ನು ಬಿಟ್ಟು ಮತ್ತೆ ಮೇಲೇರಬೇಕೆಂದು ಸಹವೈಮಾನಿಕರು ಮೂರು ಸಲ ಹೇಳಿದ್ದರು. ಆ ಮಾತು ನಡೆಯಲಿಲ್ಲ.

ಈ ಮೂರು ಸಲದ ಮಾತಿನ ಮುಂದೆ ಧೈರ್ಯ, ಅಂಜಿಕೆ ಎಂಬ ಶಬ್ದಗಳನ್ನು ಇಟ್ಟು ನೋಡಬೇಕು. ಆ ಇಕ್ಕಟ್ಟಾದ ಕೋಣೆಯಲ್ಲಿ ಅಂಜಿದ್ದವರು ಸರಿಯಾಗಿದ್ದರು, ಅಂಜದಿದ್ದವರು ತಪ್ಪಿದರು. ಅಂಜಿಕೆ ಅಲ್ಲಿ ಕಣ್ಣಿನ ಕೆಲಸ ಮಾಡಿತ್ತು. ಅದಕ್ಕೆ ಮಾಡತಕ್ಕ ಒಂದು ಕಾರ್ಯವೂ ಇತ್ತು. ವಿಮಾನವನ್ನು ಮೇಲೆತ್ತಿದ್ದರೆ ಆಗುತ್ತಿತ್ತು. ಹಿಂದೆ ಕುಳಿತ ಪ್ರಯಾಣಿಕನ ಅಂಜಿಕೆ ಬೇರೆ ಜಾತಿಯದು. ಅದು ಅವನಿಗೆ ಯಾವ ಹೊಸ ಸುದ್ದಿಯನ್ನೂ ತರುವದಿಲ್ಲ, ಅದರಿಂದ ಅವನು ಮಾಡತಕ್ಕ ಕೆಲಸವೂ ಇಲ್ಲ. ಅವನು ಕೈಹಿಡಿಕೆಯನ್ನು ಎಷ್ಟು ಬಿಗಿಯಾಗಿ ಒತ್ತಿದರೂ ವಿಮಾನ ಒಂದು ಅಂಗುಲ ಮೇಲೇರದು. ಅಂಜಿಕೆಯನ್ನು ಪಾಲಿಸಬೇಕೋ ಬಿಡಬೇಕೋ ಎಂಬುದಕ್ಕೆ ನಮಗೆ ತೋಚಿದ ಒರೆಗಲ್ಲು ಇದು. ಕೆಲಸವುಳ್ಳ ಅಂಜಿಕೆಗೆ ಕಿವಿಗೊಡತಕ್ಕದ್ದು. ಕೆಲಸವಿಲ್ಲದ ಅಂಜಿಕೆಯನ್ನು ನೆಂಟನಂತೆ ಪಕ್ಕದಲ್ಲಿ ಕೂಡಿಸಿಕೊಂಡು ಪ್ರಯಾಣ ಮಾಡತಕ್ಕದ್ದು. ಶಾಲೆಯಲ್ಲಿ ಒಬ್ಬ ಹುಡುಗ ‘ಸರ್, ಈ ಗೋಡೆ ಬಿರುಕು ಬಿಟ್ಟಿದೆ, ಅಂಜಿಕೆಯಾಗುತ್ತದೆ’ ಎಂದರೆ ನಾವು ನಗದೆ ಗೋಡೆಯನ್ನು ನೋಡಬೇಕು.

ಹಾಗೆ ಕೂಡಿಸಿಕೊಳ್ಳುವ ಬಗೆ ಹೇಗೆ? ಕಿಲ್ಲಾರಿಯ ಕಡೆಯ ಜನರು ಮನೆಯೊಳಗೆ ಮರಳಿದ ರೀತಿಯಲ್ಲಿಯೇ ಉತ್ತರವಿದೆ. ಒಂದೇ ದಿನ ಒಳಗೆ ಹೋಗಿ ಮಲಗಿದವರು ವಿರಳ. ಹಗಲು ಒಲೆಯ ಕೆಲಸಕ್ಕೆ ಒಳಗೆ, ಇರುಳು ಅಂಗಳಕ್ಕೆ. ಅನಂತರ ಪಡಸಾಲೆಯಲ್ಲಿ, ಬಾಗಿಲು ತೆರೆದಿಟ್ಟು. ಅನಂತರ ಮಳೆ ಬಂದ ಒಂದು ರಾತ್ರಿ ಒಳಗೆ. ಜೋಸೆಫ್ ವೋಲ್ಪೆ ಎಂಬ ದಕ್ಷಿಣ ಆಫ್ರಿಕದ ಮನೋವೈದ್ಯರು 1958ರಲ್ಲಿ ಗ್ರಂಥರೂಪದಲ್ಲಿ ವಿವರಿಸಿದ ಚಿಕಿತ್ಸೆಯು ಇದರ ಬಂಧುವೇ: ಅಂಜಿಕೆಯ ವಸ್ತುವಿನ ಬಳಿಗೆ ಮೆಟ್ಟಲು ಮೆಟ್ಟಲಾಗಿ, ದೇಹವನ್ನು ಸಡಿಲಗೊಳಿಸುತ್ತ ಹೋಗುವದು. ಅದರಿಂದ ಓಡಿದಷ್ಟೂ ಅಂಜಿಕೆ ಬಲಿಯುತ್ತದೆ. ಒಂದು ಸಲ ತಪ್ಪಿಸಿಕೊಂಡಾಗ ಸಿಕ್ಕುವ ಹಾಯೆನಿಸುವಿಕೆಯೇ ಮುಂದಿನ ಸಲದ ಅಂಜಿಕೆಗೆ ಮೇವು.

ವಿಮಾನಕ್ಕೆ ಬಂದರೆ, ಮೊದಲ ಮೆಟ್ಟಲು ನಿಲ್ದಾಣಕ್ಕೆ ಹೋಗಿ ಯಾರನ್ನಾದರೂ ಬೀಳ್ಕೊಟ್ಟು ಬರುವದಿರಬಹುದು. ಎರಡನೆಯದು ಸದ್ದುಗಳ ಪರಿಚಯ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಕಾಲಡಿಯಲ್ಲಿ ಧಡ್ ಎನ್ನುವದು ಚಕ್ರಗಳು ಹೊಟ್ಟೆಯೊಳಗೆ ಸೇರುವ ಸದ್ದು. ಆಮೇಲೆ ಇಂಜಿನದ ಧ್ವನಿ ಇಳಿಯುವದು ಏರಿಕೆಗೆ ಅಷ್ಟು ಬಲ ಬೇಡವಾದುದರಿಂದ. ಆಗ ವಿಮಾನ ಕುಸಿಯಿತೆಂದು ಹೇಳುವದು ನಮ್ಮ ಒಳಗಿವಿ, ಅದರ ಸಾಕ್ಷಿಯನ್ನು ನಂಬಬೇಕಾಗಿಲ್ಲ. ರೆಕ್ಕೆಗಳು ಬಾಗುವದು ಮುರಿಯದಿರಲೆಂದೇ; ಬಳಕೆಯಲ್ಲಿ ಬರಬಹುದಾದ ಅತ್ಯಧಿಕ ಭಾರದ ಒಂದೂವರೆ ಪಟ್ಟನ್ನು ತಡೆಯುವಂತೆ ಅವನ್ನು ಕಟ್ಟಿರುತ್ತಾರೆ. ಎರಡು ಇಂಜಿನಗಳಲ್ಲಿ ಒಂದು ನಿಂತರೂ ಹಾರಿ ಇಳಿಯುವ ಶಕ್ತಿ ಪ್ರಯಾಣಿಕ ವಿಮಾನಗಳಿಗಿದೆ. ಗಾಳಿಯ ಕುಲುಕಾಟವು ನಮ್ಮ ಹೊಲದ ದಾರಿಯ ಕುಲುಕಾಟದಂತೆ. ಸೊಂಟದ ಪಟ್ಟಿ ಬಿಗಿದಿದ್ದರೆ ಅದರಿಂದ ಹಾನಿ ಅಪರೂಪ. ಉಸಿರನ್ನು ನಿಧಾನವಾಗಿ ಹೊರಬಿಡುವದು, ಸೇದುವದಕ್ಕಿಂತ ಬಿಡುವದನ್ನು ಉದ್ದ ಮಾಡುವದು, ಎದೆಯ ಓಟವನ್ನು ತಗ್ಗಿಸುತ್ತದೆ. ಮದ್ಯವು ಈ ಕಾರ್ಯಕ್ಕೆ ಒಳ್ಳೆಯ ಸಂಗಾತಿಯಲ್ಲ. ಕೊಲ್ಲಿಯ ಪ್ರಯಾಣಿಕರಲ್ಲಿ ಕೆಲವರು ಬೇರೆ ತಿಳಿದಿದ್ದಾರೆ.

ಇಷ್ಟೆಲ್ಲ ಕಷ್ಟವೇಕೆ, ಹಾರದಿದ್ದರಾಯಿತಲ್ಲ ಎಂಬ ಮಾತಿನಲ್ಲಿ ನೀತಿಯ ಪ್ರಶ್ನೆ ಅಡಗಿದೆ. ಹಾರದಿರುವದು ಪಾಪವಲ್ಲ. ಉದಗೀರಿನಿಂದ ಭಾಲ್ಕಿ, ಬೀದರುಗಳ ಮೇಲೆ ಹೋಗುವ ರೈಲುದಾರಿ ಇದ್ದೇ ಇದೆ. ಬೆಂಗಳೂರಿಗೆ ಒಂದು ರಾತ್ರಿ ಹೆಚ್ಚಾದೀತು. ಆದರೆ ಅಂಜಿಕೆಯ ಸಾಲವನ್ನು ಅಂಜಿದವನೊಬ್ಬನೇ ತೀರಿಸುವದಿಲ್ಲ. 2001ರ ಸೆಪ್ಟೆಂಬರ 11ರ ದಾಳಿಯ ಅನಂತರ ಅನೇಕ ಅಮೇರಿಕನರು ವಿಮಾನವನ್ನು ಬಿಟ್ಟು ಮೋಟಾರುಗಳಲ್ಲಿ ದೂರದ ಪ್ರಯಾಣ ಮಾಡಿದರು. ಅದರಿಂದ ಮುಂದಿನ ಒಂದು ವರ್ಷದಲ್ಲಿ ಸುಮಾರು 1,500 ಜನ ರಸ್ತೆಗಳಲ್ಲಿ ಹೆಚ್ಚಾಗಿ ಸತ್ತರೆಂದು ಜರ್ಮನಿಯ ವಿದ್ವಾಂಸ ಗೆರ್ಡ್ ಗಿಗರೆಂಜರ್ ಅಂದಾಜು ಮಾಡಿದ್ದಾರೆ. ಅವರ ಮನೆಗಳಲ್ಲಿ ಯಾರೂ ‘ಅಂಜಿಕೆಯಿಂದ ಸತ್ತರು’ ಎಂದು ಅತ್ತಿರಲಾರರು. ನಾವು ಊಹಿಸಿಕೊಂಡ ಮಾಸ್ತರರ ಮನೆಯಲ್ಲಿ ಸಾವು ಇಲ್ಲ. ಆದರೂ ಒಬ್ಬ ಮಗಳು ತಂದೆಯ ಪ್ರೀತಿಯನ್ನು ಸಂಶಯಿಸುತ್ತಿದ್ದಾಳೆ, ಒಬ್ಬ ತಾಯಿ ಮೊಮ್ಮಗುವನ್ನು ಫೋನಿನ ಗಾಜಿನಲ್ಲಿ ನೋಡುತ್ತಿದ್ದಾಳೆ. ಅಂಜಿದ್ದು ದೋಷವಲ್ಲ. ಅಂಜಿಕೆಗೆ ಹೊಲದ ರಾಶಿಯ ವೇಷ ಹಾಕಿದ್ದರಲ್ಲಿ ದೋಷವಿದೆ, ಏಕೆಂದರೆ ವೇಷ ತೊಟ್ಟ ಅಂಜಿಕೆಗೆ ಯಾರೂ ಸಹಾಯ ಮಾಡಲಾರರು.

ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ದೈವೀ ಗುಣಗಳ ಎಣಿಕೆ ಮೊದಲಾಗುವದು ಅಭಯದಿಂದ. ಈ ಶಬ್ದಕ್ಕೆ ಭಯವಿಲ್ಲದಿರುವದು ಎಂಬುದೊಂದೇ ಅರ್ಥವಲ್ಲ. ಅಭಯಹಸ್ತ, ಅಭಯದಾನ ಎಂದು ನಮ್ಮ ಭಾಷೆಯಲ್ಲಿ ಹೇಳುವಾಗ ಅದು ಒಬ್ಬರು ಇನ್ನೊಬ್ಬರಿಗೆ ಕೊಡತಕ್ಕ ವಸ್ತು. 1993ರ ಆ ರಾತ್ರಿಗಳಲ್ಲಿ ಜನ ಒಬ್ಬೊಬ್ಬರೇ ಮಲಗಲಿಲ್ಲ. ಓಣಿಗೆ ಓಣಿಯೇ ಬಯಲಲ್ಲಿ ಹಾಸಿತು, ಒಬ್ಬರು ಎಚ್ಚರವಿದ್ದರೆ ಉಳಿದವರಿಗೆ ಕಣ್ಣು ಹತ್ತುತ್ತಿತ್ತು. ವಿಮಾನದಲ್ಲಿ ಪಕ್ಕದ ಅಪರಿಚಿತನೂ ಇದನ್ನು ಕೊಡಬಲ್ಲನು, ಕೇಳಿದರೆ. ‘ಇದು ನನ್ನ ಮೊದಲ ಪ್ರಯಾಣ, ಸ್ವಲ್ಪ ಅಂಜಿಕೆ’ ಎಂದು ಗಗನಸಖಿಗೆ ಹೇಳಿದರೆ ಆಕೆ ನಗುವದಿಲ್ಲ. ಅಂಥವರನ್ನು ಆಕೆ ದಿನವೂ ಕಾಣುತ್ತಾಳೆ. ತರಗತಿಯಲ್ಲಿಯೂ ಇದಕ್ಕೆ ಎಡೆಯಿದೆ. ಧೈರ್ಯದ ಮೇಲೆ ನಿಬಂಧ ಬರೆಸುವ ಉಪಾಧ್ಯಾಯರು ಮುಂದಿನ ಸಲ ‘ನಾನು ಯಾವದಕ್ಕೆ ಅಂಜುತ್ತೇನೆ’ ಎಂದು ಬರೆಸಿ ನೋಡಲಿ, ಮೊದಲು ತಮ್ಮದನ್ನು ಹಲಗೆಯ ಮೇಲೆ ತಾವೇ ಬರೆಯಲಿ. ನಮ್ಮ ಮಾಸ್ತರರು ಹಾಗೆ ಬರೆದ ದಿನ ಅವರ ಹೆಂಡತಿ ಚೀಲ ಕಟ್ಟಲು ತೊಡಗಬಹುದು. ಅವರು ಜೊತೆಗೆ ಹೋಗುತ್ತಾರೋ, ಬೀದರಿನವರೆಗೆ ಬಂದು ಕಳುಹಿಸಿ ಮರಳುತ್ತಾರೋ, ಅದು ಅವರಿಗೆ ಬಿಟ್ಟದ್ದು.